ಮೂಡಿಗೂ ಒಂದು ಲೆಕ್ಕ ಉಂಟು

ಹೆಣ್ಣಿನ ಮೂಡ್ ಆಷಾಢದ ಆಕಾಶವಿದ್ದಂತೆ, ಯಾವಾಗ ಗುಡುಗುತ್ತದೋ ಹೇಳಲಾಗದು ಎಂಬುದು ಗಂಡಸರ ಹಳೆಯ ಕಟ್ಟೆಪುರಾಣ. ಅದಕ್ಕೀಗ ಹಾರ್ಮೋನಿನ ಸಾಕ್ಷಿಯನ್ನೂ ತಂದು ನಿಲ್ಲಿಸುತ್ತಾರೆ. ಸಾಕ್ಷಿ ಸುಳ್ಳೇನಲ್ಲ, ತಿಂಗಳ ಚಕ್ರದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಏರಿಳಿಯುವುದು ನಿಜ. ಆದರೆ ಗಂಡಿನ ಟೆಸ್ಟೋಸ್ಟೆರಾನ್ ಕೂಡ ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಹಾಗಿದ್ದೂ ಸಂಜೆ ಗಂಡ ಸಿಡುಕಿದರೆ ಆಫೀಸಿನ ಟೆನ್ಷನ್, ಹೆಂಡತಿ ಸಿಡುಕಿದರೆ ಮೂಡ್! ಭಾರತ ಕ್ರಿಕೆಟ್ ಸೋತ ರಾತ್ರಿ ಸಾರಿಗೆ ಉಪ್ಪಿಲ್ಲವೆಂದು ರೇಗುವವರ ಹಾರ್ಮೋನನ್ನು ಯಾರೂ ವಿಚಾರಿಸುವುದಿಲ್ಲ.

ಮೂಡ್ ಕೆಡುವುದಕ್ಕೆ ರಕ್ತಪರೀಕ್ಷೆಗಿಂತ ಗಡಿಯಾರವೇ ಒಳ್ಳೆಯ ಪುರಾವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಕೈಹಾಕಿದ ಗಂಡಸರು ಕೊಟ್ಟದ್ದು 97. ಅದೂ ಗಂಡಸರಲ್ಲಿ ನೂರಕ್ಕೆ ಸುಮಾರು 26 ಮಂದಿ ಮಾತ್ರ. ಉಳಿದವರದು ದುಂಡು ಸೊನ್ನೆ. ‘ನಾವು ಹೊರಗೆ ದುಡಿಯುವುದಿಲ್ಲವೇ?’ ಎನ್ನಬಹುದು. ದುಡಿಯುತ್ತೀರಿ, ಒಪ್ಪೋಣ. ಆದರೆ ಹೊರಗೆ ದುಡಿದು ಬಂದ ಹೆಂಗಸಿಗೂ ಕುಕ್ಕರ್ ರಜೆ ಕೊಡುವುದಿಲ್ಲ. ಭಾನುವಾರವಂತೂ ‘ಏನಾದರೂ ಸ್ಪೆಷಲ್’ ಬೇಕೇ ಬೇಕು. ಮೂಡ್ ಸರಿಮಾಡಲು ಬ್ಯೂಟಿಪಾರ್ಲರ್, ಧ್ಯಾನದ ಆ್ಯಪ್ ಇವೆಯಲ್ಲ ಎಂದರೆ, ಅವಕ್ಕೂ ಮೊದಲು ಬಿಡುವು ಬೇಕು. ಸದಾ ನಗುಮುಖವೇ ಹೆಣ್ತನ ಎನ್ನುವವರು 299 ನಿಮಿಷ ಪಾತ್ರೆ, ಬಟ್ಟೆ, ಒಲೆಗಳೆದುರು ನಕ್ಕು ತೋರಿಸಲಿ. ಆದ್ದರಿಂದ ಮೂಡಿಗೆ ಅತಿ ಅಗ್ಗದ ಮದ್ದೆಂದರೆ, ಕಾಫಿ ಕುಡಿದವರೇ ಲೋಟ ತೊಳೆಯುವುದು. ತೊಳೆದದ್ದನ್ನು ನೆಂಟರಿಗೆಲ್ಲ ಹೇಳಿಕೊಂಡು ತಿರುಗದಿದ್ದರೆ ಗುಣ ಇಮ್ಮಡಿ.