ಪೆನ್ಸಿಲ್ ಮಾಮ

ನಮ್ಮ ಮನೆಯ ಹ್ಯಾರಿ ಪಾಟರ್ ಐದನೇ ಪುಸ್ತಕವನ್ನು ಇನ್ನು ಯಾರೂ ಓದುವ ಹಾಗಿಲ್ಲ. 2003ರಲ್ಲಿ ಬಂದ, 766 ಪುಟಗಳ, ತಲೆದಿಂಬಿಗೆ ಆಗುವಷ್ಟು ದಪ್ಪದ ಪುಸ್ತಕ ಅದು. ಪುಟಪುಟಕ್ಕೂ ಪೆನ್ಸಿಲ್ ಗೆರೆ. ಗೆರೆ ಎಳೆದ ಪದದ ನೆತ್ತಿಯ ಮೇಲೆ ಇರುವೆ ಸಾಲಿನ ಹಾಗೆ ಕನ್ನಡ ಅರ್ಥ. ಹ್ಯಾರಿ ಕಷ್ಟದಲ್ಲಿ ಸಿಕ್ಕಿಬಿದ್ದಾಗ ಅವನ ತಲೆಯ ಮೇಲೆ 'ತಲ್ಲಣ, ಕಳವಳ, (ನಾ.) ದಿಗಿಲು' ಎಂದಿರುತ್ತದೆ. ಮಗಳು ಒಂದಷ್ಟು ದಿನ ರಬ್ಬರ್ ಹಿಡಿದು ಕೂತಳು. ಹಾಳೆ ಹರಿಯಲು ಶುರುವಾದ ಮೇಲೆ ಕೈಬಿಟ್ಟಳು. ಮಾವನಿಗೆ 'ಪೆನ್ಸಿಲ್ ಮಾಮ' ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡಳು.

ಪೆನ್ಸಿಲ್ ಮಾಮ ಅಂದರೆ ನನ್ನ ಹೆಂಡತಿಯ ತಮ್ಮ. ಈ ಪಂಗಡದವರನ್ನು ನೀವೂ ಕಂಡಿರುತ್ತೀರಿ. ಮೊದಲ ಹಂತದಲ್ಲಿ ಇವರು ಮೆಟ್ರೋದಲ್ಲಿ ನಾರ್ಮನ್ ಲೂಯಿಸನ 'ವರ್ಡ್ ಪವರ್ ಮೇಡ್ ಈಸಿ' ಹಿಡಿದು ನಿಂತಿರುತ್ತಾರೆ. 1949ರಲ್ಲಿ ಬಂದ ಆ ಪುಸ್ತಕ ಇವತ್ತಿಗೂ ನಮ್ಮ ಫುಟ್‌ಪಾತುಗಳಲ್ಲಿ ಬಿಕರಿಯಾಗುತ್ತದೆ. ಶುರುವಿಗೇ ಮನುಷ್ಯರ ಸ್ವಭಾವದ ಅಧ್ಯಾಯ, ಅದಾದ ಮೇಲೆ ಡಾಕ್ಟರುಗಳದ್ದು. ಬಹುಪಾಲು ಜನ ಡಾಕ್ಟರ ಬಾಗಿಲಲ್ಲೇ ಸುಸ್ತಾಗಿ ವಾಪಸಾಗುತ್ತಾರೆ. ಹಾಗಾಗಿ ನಮ್ಮಲ್ಲಿ ಯಾರನ್ನು ಕೇಳಿದರೂ ತಾನು 'ಆಂಬಿವರ್ಟ್' ಎನ್ನುತ್ತಾರೆ. ಮುಂದಿನ ಪದ ಬರುವುದಿಲ್ಲ.

ಆಮೇಲೆ ಯಾರೋ ಕೋಚಿಂಗ್ ಕ್ಲಾಸಿನವರು ಹೇಳುತ್ತಾರೆ: ಪಟ್ಟಿ ಉರುಹೊಡೆಯಬೇಡಿ, ಹದಿಹರೆಯದವರ ಕಾದಂಬರಿ ಓದಿ, ಕಥೆ ಸಲೀಸು, ಪದ ತಾನಾಗಿ ಬರುತ್ತದೆ. ತಪ್ಪು ಮಾತೇನಲ್ಲ. ಅಮೆರಿಕದಲ್ಲಿ ಇದು ವ್ಯಾಪಾರವೇ ಆಗಿತ್ತು. ರಕ್ತಪಿಶಾಚಿಯ ಪ್ರೇಮಕಥೆ 'ಟ್ವೈಲೈಟ್' ಜೊತೆ ಇಟ್ಟುಕೊಂಡು ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯ ಪದ ಕಲಿಯಲೆಂದೇ 'ಡಿಫೈನಿಂಗ್ ಟ್ವೈಲೈಟ್' ಎಂಬ ಅಭ್ಯಾಸ ಪುಸ್ತಕ 2009ರಲ್ಲಿ ಬಂತು. ಹುಡುಗರು ಹಲ್ಲು ಕಚ್ಚಿ ಕಲಿತರು. 2016ರಲ್ಲಿ ಪರೀಕ್ಷೆಯವರು ಅಂಥ ಅಪರೂಪದ ಪದಗಳನ್ನು ಕೇಳುವುದನ್ನೇ ಬಿಟ್ಟರು. ನಮ್ಮ ಅಪಾರ್ಟ್‌ಮೆಂಟಿನ ತಾಯಂದಿರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಪರ್ಸಿ ಜಾಕ್ಸನ್ ಕಾದಂಬರಿ ಓದುವ ಮಗು ದಿನಕ್ಕೆ ಐದು ಹೊಸ ಪದ ಒಪ್ಪಿಸದೆ ಆಟಕ್ಕೆ ಇಳಿಯುವಂತಿಲ್ಲ.

ನಮ್ಮವನದು ಇನ್ನೂ ಒಂದು ಕೈ ಮೇಲು. ಅವನಪ್ಪನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಅಂಗಡಿಯಲ್ಲಿ ಮಿಕ್ಕಿದ್ದ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕವೊಂದನ್ನು ಹೊತ್ತುತಂದಿದ್ದಾನೆ. ಎಡಗಡೆ ಜಮಾ, ಬಲಗಡೆ ಖರ್ಚು. ಕಾದಂಬರಿಯಲ್ಲಿ ಸಿಕ್ಕ ಪದ, ಪುಟದ ಸಂಖ್ಯೆ, ಅರ್ಥ, ಎಲ್ಲ ಜಮಾದಲ್ಲಿ. ಖರ್ಚಿನ ಕಡೆ ಆ ಪದವನ್ನು ಎಲ್ಲಿ, ಯಾರ ಮೇಲೆ ಬಳಸಿದ ಎಂಬ ವಿವರ. ಬಳಸದೆ ಉಳಿದ ಪದದ ಮುಂದೆ ಕೆಂಪು ಶಾಯಿಯಲ್ಲಿ 'ಬಾಕಿ'.

ಬಾಕಿ ಇಟ್ಟುಕೊಂಡು ಮಲಗುವ ವಂಶ ಅವರದಲ್ಲ. ಹಾಗಾಗಿ ಭಾನುವಾರ ಸಂಜೆ ನಮ್ಮ ಮನೆಗೆ ಬರುತ್ತಾನೆ.

"ಭಾವ, ಯಾಕೆ ಮುಖ ಇಷ್ಟು ಲುಗೂಬ್ರಿಯಸ್ ಆಗಿದೆ?"

ನೀನು ಬಂದಿದ್ದಕ್ಕೆ ಎನ್ನಲಾಗುತ್ತದೆಯೇ? ಅವನಕ್ಕ ಅಲ್ಲೇ ಇರುತ್ತಾಳೆ. ನಾನು ಕಾಫಿ ಕುಡಿಯುತ್ತೇನೆ, ಅವನು ಜೇಬಿನಿಂದ ಚೀಟಿ ತೆಗೆದು ಟಿಕ್ ಹಾಕುತ್ತಾನೆ. ಒಮ್ಮೆ ಊಟಕ್ಕೆ ಕೂತು ಅಮ್ಮನಿಗೆ "ನಿನ್ನ ಸಾರು ಪಂಜೆಂಟ್" ಎಂದ. ಪಾಪ ನಮ್ಮತ್ತೆ, ಬೈಗುಳವೆಂದುಕೊಂಡು ತಿಂಗಳುಗಟ್ಟಲೆ ಮೆಣಸು ಕಡಿಮೆ ಮಾಡಿದರು. ಆ ಸಪ್ಪೆ ಸಾರು ಉಂಡವರಲ್ಲಿ ನಾನೂ ಒಬ್ಬ.

ಐದನೇ ಪುಸ್ತಕದಲ್ಲಿ 'ಆಕ್ಲುಮೆನ್ಸಿ' ಎಂಬ ವಿದ್ಯೆ ಬರುತ್ತದೆ. ಬೇರೆಯವರು ನಮ್ಮ ಮನಸ್ಸಿನೊಳಗೆ ನುಗ್ಗದಂತೆ ತಡೆಯುವ ಮಂತ್ರವಿದ್ಯೆ. ಪದ ಲೇಖಕಿ ರೌಲಿಂಗ್ ಕಟ್ಟಿದ್ದು. ನಮ್ಮವನು ಮೈಸೂರು ವಿಶ್ವವಿದ್ಯಾನಿಲಯದ ದಪ್ಪ ಇಂಗ್ಲಿಷ್-ಕನ್ನಡ ನಿಘಂಟನ್ನು ತಿರುವಿ ಹಾಕಿದ, ಸಿಗಲಿಲ್ಲ. "ಹಳೇ ನಿಘಂಟು ಭಾವ, ಅಪ್‌ಡೇಟ್ ಮಾಡಿಲ್ಲ" ಎಂದ. ಸಂದರ್ಭ ನೋಡಿ ತಾನೇ ಅರ್ಥ ಬರೆದುಕೊಂಡ: 'ಮನಸ್ಸಿನಲ್ಲಿರುವುದನ್ನು ಬಿಟ್ಟುಕೊಡದಿರುವುದು.' ಸೋಮವಾರ ಆಫೀಸಿನ ಮೀಟಿಂಗಿನಲ್ಲಿ, ಕ್ಲೈಂಟ್ ಜೊತೆ ಬೆಲೆಯ ಮಾತು ಬಂದಾಗ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದನಂತೆ, ಸದ್ಯಕ್ಕೆ ನಾವು ಸ್ವಲ್ಪ ಆಕ್ಲುಮೆನ್ಸಿ ಪಾಲಿಸುವುದು ಒಳ್ಳೆಯದು ಎಂದು.

ಮೀಟಿಂಗಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಒಬ್ಬರು ಬರೆದುಕೊಂಡರು. ಮ್ಯಾನೇಜರು "ಗುಡ್ ಪಾಯಿಂಟ್" ಎಂದರು. ಮುಂದಿನ ವಾರದ ಈಮೇಲಿನಲ್ಲಿ ಅವರೇ ಆ ಪದ ಬಳಸಿದ್ದರು, ಅದೂ ಬೇರೆ ಅರ್ಥದಲ್ಲಿ. ಅದು ಮಾಂತ್ರಿಕರ ಶಾಲೆಯ ಪಾಠವೆಂದು ನನ್ನ ಮಗಳು ಬಿಡಿಸಿ ಹೇಳಿದಾಗ ಇವನು ಕಿಂಚಿತ್ತೂ ಕುಗ್ಗಲಿಲ್ಲ. "ಹ್ಯಾರಿ ಪಾಟರ್‌ದೇ 'ಮಗಲ್' ಅನ್ನೋ ಪದಾನ ಆಕ್ಸ್‌ಫರ್ಡ್ ನಿಘಂಟಿನೋರು ಸೇರಿಸ್ಕೊಂಡಿಲ್ವಾ ಪುಟ್ಟಿ? ಇದನ್ನೂ ಸೇರಿಸ್ಕೋತಾರೆ. ನಮ್ಮಾಫೀಸಿನಲ್ಲಂತೂ ಚಲಾವಣೆ ಆಗೋಯ್ತು."

ಮಗಳಿಗೆ ಅವನ ಮೇಲೆ ನಿಜಕ್ಕೂ ಸಿಟ್ಟು ಬಂದದ್ದು ಮಾತ್ರ ಬೇರೆ ದಿನ. ಆ ಪುಸ್ತಕದ ಕೊನೆಯ ಕಡೆ ಸಿರಿಯಸ್ ಬ್ಲ್ಯಾಕ್ ಸಾಯುತ್ತಾನೆ. ಅಪ್ಪ ಅಮ್ಮ ಇಲ್ಲದ ಹ್ಯಾರಿಗೆ ಹಿರಿಯರ ಸ್ಥಾನದಲ್ಲಿದ್ದವನು. ಹೊಡೆದಾಟದ ನಡುವೆ, ಕಮಾನಿಗೆ ನೇತುಬಿದ್ದ ಪರದೆಯ ಆಚೆ ಬಿದ್ದುಹೋಗುತ್ತಾನೆ. ಮಗಳು ಆ ರಾತ್ರಿ ಊಟ ಬಿಟ್ಟು ಅತ್ತವಳು. ಮಾಮನೂ ಆ ಅಧ್ಯಾಯ ಮುಗಿಸಿದ್ದಾನೆಂದು ತಿಳಿದು, ಸಂತಾಪ ಹಂಚಿಕೊಳ್ಳಲು ಓಡಿಬಂದಳು.

"ಮಾಮ, ಸಿರಿಯಸ್ ಹೋದಾಗ ನಿಂಗೆ ಅಳು ಬರಲಿಲ್ವಾ?"

"ಯಾರು?"

"ಸಿರಿಯಸ್, ಮಾಮ! ಪರದೆ ಆಚೆ ಹೋದ್ನಲ್ಲ!"

ಇವನು ಕಿರ್ದಿ ತೆಗೆದು ಬೆರಳಾಡಿಸಿದ. "ಹಾಂ, ಇಲ್ಲಿದೆ. ವೇಲ್ ಅಂದ್ರೆ ಪರದೆ, ಮುಸುಕು. ಬರ್ಕೊಂಡಿದೀನಿ. ಆಚೆ ಯಾರು ಹೋದ್ರು ಅಂತ ನೋಡಲಿಲ್ಲ."

ಆಮೇಲೆ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದ: "ಆ ಚಾಪ್ಟರ್ ಭಾಳ ತೆಳು ಪುಟ್ಟಿ, ಬರೀ ಓಡಾಟ. ಪದಗಳೇ ಇಲ್ಲ."

ಮಗಳು ಆರನೇ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಎಲ್ಲಿದೆಯೆಂದು ನನಗೂ ಹೇಳಲಿಲ್ಲ.

ಇವನನ್ನು ನೋಡಿ ನಗುವ ನಾನು ಓದುವುದಾದರೂ ಹೇಗೆ? ಗೊತ್ತಿಲ್ಲದ ಪದ ಎದುರಾದರೆ, ರಸ್ತೆಯಲ್ಲಿ ಸಾಲ ಕೊಟ್ಟವನು ಕಂಡಂತೆ, ಆ ಕಡೆ ನೋಡದೆ ದಾಟಿಬಿಡುತ್ತೇನೆ. ಹಾಸ್ಯ ಲೇಖಕ ವುಡ್‌ಹೌಸ್‌ನನ್ನು ಹೀಗೇ ದಾಟಿಕೊಂಡು ಓದಿ, ನಗಬೇಕಾದ ಕಡೆ ಅಂದಾಜಿನ ಮೇಲೆ ನಕ್ಕವನು ನಾನು. ಭಾವಮೈದ ಪುಸ್ತಕ ತೋರಿಸಿ "ಇದಕ್ಕೇನು ಭಾವ ಅರ್ಥ?" ಎಂದರೆ ಕನ್ನಡಕ ತೆಗೆದು ಒರೆಸಿ "ಸಂದರ್ಭ ನೋಡಬೇಕಪ್ಪ" ಎನ್ನುತ್ತೇನೆ. ಇಂಗ್ಲಿಷ್ ಬಾರದವರ ಮರ್ಯಾದೆ ಉಳಿಸುವುದರಲ್ಲಿ ಈ ಮಾತನ್ನು ಮೀರಿಸಿದ್ದು ಇನ್ನೊಂದಿಲ್ಲ.

ಅವನು ಅಷ್ಟಕ್ಕೆ ಬಿಡುವವನಲ್ಲ. ಪಾಲ್ ನೇಷನ್ ಎಂಬ ನ್ಯೂಜಿಲೆಂಡಿನ ಭಾಷಾತಜ್ಞರು ಲೆಕ್ಕ ಹಾಕಿದ್ದಾರಂತೆ. ಕಾದಂಬರಿಯಲ್ಲಿ ನೂರಕ್ಕೆ 98 ಪದ ಮೊದಲೇ ಗೊತ್ತಿದ್ದರೆ ಯಾರ ನೆರವೂ ಇಲ್ಲದೆ ಓದಿಕೊಂಡು ಹೋಗಬಹುದು. ಅದಕ್ಕೆ ಎಂಟೊಂಬತ್ತು ಸಾವಿರ ಪದಕುಟುಂಬಗಳು, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು, ಬೇಕು. "ಸಂದರ್ಭ ಅನ್ನೋದು ಉಳ್ಳವರಿಗೆ ಭಾವ" ಎಂದ. "ನೂರಕ್ಕೆ ಹತ್ತು ಗೊತ್ತಿಲ್ದಿದ್ರೆ ಸಂದರ್ಭನೂ ಗೊತ್ತಾಗಲ್ಲ. ಬರ್ಕೊಂಡೇ ತೀರಬೇಕು."

ನಾನು ಸುಮ್ಮನಾದೆ. ಅವನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ಶಾಲೆಗೇ ಮೊದಲಿಗ. ಎಂಜಿನಿಯರಿಂಗ್ ಮುಗಿಯುವಾಗ ಕ್ಯಾಂಪಸ್ಸಿಗೆ ಬಂದ ಕಂಪನಿಯವರು ಹತ್ತು ಜನರನ್ನು ಸುತ್ತ ಕೂರಿಸಿ ಗ್ರೂಪ್ ಡಿಸ್ಕಷನ್‌ಗೆ ಒಂದು ವಿಷಯ ಕೊಟ್ಟರು. ಆ ವಿಷಯದ ಹೆಸರಿನಲ್ಲೇ ಒಂದು ಪದ ಅವನಿಗೆ ತಿಳಿಯಲಿಲ್ಲ. ಪಕ್ಕದವನನ್ನು ಕೇಳಬಹುದಿತ್ತು, ಕೇಳಲಿಲ್ಲ. ಹದಿನೈದು ನಿಮಿಷ ಬೇರೆಯವರ ಬಾಯಿ ನೋಡುತ್ತ ಕೂತು ಎದ್ದುಬಂದ. ಇದನ್ನು ನನಗೆ ಹೇಳಿದ್ದು ಅವನಲ್ಲ, ಅವನಕ್ಕ. ಆ ಪದ ಯಾವುದೆಂದು ಅವಳಿಗೂ ಹೇಳಿಲ್ಲವಂತೆ. ಕಿರ್ದಿಯ ಮೊದಲ ಪುಟದ ಮೊದಲ ಸಾಲಿನಲ್ಲಿ ಅದು ಇರಬಹುದೆಂದು ನನ್ನ ಗುಮಾನಿ.

ಇಂಗ್ಲಿಷ್ ತಪ್ಪು ಮಾತಾಡಲು ಈಗ ಯಾರೂ ಅಷ್ಟಾಗಿ ಅಂಜುವುದಿಲ್ಲ. 'ಅಂದ್ರೆ ಏನು?' ಎಂದು ಕೇಳಲು ಮಾತ್ರ ಜೀವ ಬಾಯಿಗೆ ಬರುತ್ತದೆ. ಡಾಕ್ಟರು, ಬ್ಯಾಂಕಿನವರು, ಮಕ್ಕಳ ಸ್ಕೂಲಿನ ಮೇಡಂ ಯಾರು ಏನೆಂದರೂ ತಲೆಯಾಡಿಸಿ, ಸಹಿ ಹಾಕಿ ಬರುತ್ತೇವೆ. ನಮ್ಮ ಕುಟುಂಬದಲ್ಲಿ ಬಾಯಿಬಿಟ್ಟು ಕೇಳುವವನು ಈಗ ಇವನೊಬ್ಬನೇ.

ಮೊನ್ನೆ ಒಂದು ಆರತಕ್ಷತೆಯ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ನಮ್ಮೆದುರು ಕೂತಿದ್ದರು. ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆಯಂತೆ. ಹೋಳಿಗೆ ಬರುವಷ್ಟರಲ್ಲಿ ದೇಶದ ಶಿಕ್ಷಣವನ್ನೆಲ್ಲ ರಿಪೇರಿ ಮಾಡಿ, "ಟೋಟಲಿ ಹೊಸ ಪ್ಯಾರಡೈಮ್ ಬೇಕು" ಎಂದರು. ಪಂಕ್ತಿಯಿಡೀ ತಲೆದೂಗಿತು. ನನ್ನ ತಲೆಯೂ ತೂಗಿತು. ಬಡಿಸುವವನು ತುಪ್ಪದ ಮಿಳ್ಳೆ ಹಿಡಿದು ನಿಂತೇ ತಲೆದೂಗಿದ.

"ಅಂದ್ರೆ ಏನು ಸಾರ್?" ಎಂದ ಪೆನ್ಸಿಲ್ ಮಾಮ.

ಹಿರಿಯರು ಹೋಳಿಗೆ ಮುರಿದರು. ನೀರು ಕುಡಿದರು. ನನ್ನ ಕಡೆ ನೋಡಿದರು, ನಾನು ಕೋಸಂಬರಿ ನೋಡಿದೆ.

"ಅದು… ಸಂದರ್ಭ ನೋಡಬೇಕು" ಎಂದರು.

ಇವನು ಎಡಗೈಯಲ್ಲೇ ಜೇಬಿನ ಚೀಟಿ ತೆಗೆದು, ಪದವನ್ನು ಬರೆದು, ಮುಂದೆ 'ಬಾಕಿ' ಎಂದು ಹಾಕಿ, ವಸೂಲಿಗೆ ಇರಲೆಂದು ಅವರ ಫೋನ್ ನಂಬರು ಕೇಳಿದ.