ರಿಪೋರ್ಟ್ ರಾಯರು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಅಡ್ಡರಸ್ತೆಗೊಬ್ಬರಂತೆ ರಿಪೋರ್ಟ್ ರಾಯರು ಇರುತ್ತಾರೆ. ವಯಸ್ಸು ಎಪ್ಪತ್ತರ ಆಸುಪಾಸು. ನಿವೃತ್ತಿ ಏಜೀಸ್ ಆಫೀಸಿನಿಂದಲೋ ಬ್ಯಾಂಕಿನಿಂದಲೋ. ಮೂವತ್ತೈದು ವರ್ಷ ಪರರ ಲೆಕ್ಕದಲ್ಲಿ ತಪ್ಪು ಹುಡುಕಿದ ಕಣ್ಣು ಪೆನ್ಷನ್ ಬಂದ ಮೇಲೆ ಸುಮ್ಮನಿರಲಾರದೆ ಸ್ವಂತ ರಕ್ತದ ಕಡೆಗೆ ತಿರುಗಿರುತ್ತದೆ.

ಅವರ ಮುಖ್ಯ ಆಸ್ತಿ ಫೈಲು. ಸೀರೆ ಅಂಗಡಿಯ ಚೀಲದಲ್ಲಿರುವ ಈ ಫೈಲಿನಲ್ಲಿ 1994ರ ಮೂತ್ರಪರೀಕ್ಷೆಯಿಂದ ಮೊದಲುಗೊಂಡು ಎಲ್ಲಕ್ಕೂ ಪುಟಸಂಖ್ಯೆ ಉಂಟು. ಒಂದು ಪುಟ ಮಾತ್ರ ಪೂರ್ತಿ ಕಪ್ಪು. ಅದು ಇಸಿಜಿ. ಇಸಿಜಿ ತೆಗೆಯುವ ಕಾಗದ ಶಾಖ ತಗುಲಿದರೆ ಕಪ್ಪಾಗುವ ಜಾತಿಯದು. ವರ್ಷಗಳು ಕಳೆದಂತೆ ಅದರ ಗೆರೆ ತಾನಾಗಿ ಮಾಸುವುದರಿಂದ ಜೆರಾಕ್ಸ್ ತೆಗೆದಿಡುವುದು ಕ್ರಮ. ರಾಯರು ಶಾಶ್ವತವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದರು. ಬಿಸಿ ಯಂತ್ರದ ಆ ಕಡೆಯಿಂದ ಅವರ ಹೃದಯ ಅಮಾವಾಸ್ಯೆಯಾಗಿ ಹೊರಬಂತು.

'ಪರೀಕ್ಷೆ' ಎಂಬ ಮಾತನ್ನು ರಾಯರು ಶಾಲೆಯ ಅರ್ಥದಲ್ಲೇ ತಿಳಿಯುತ್ತಾರೆ. ಮೂರು ದಿನ ಮೊದಲೇ ಅನ್ನ ಬಿಟ್ಟು ಚಪಾತಿ, ಸಕ್ಕರೆಯಿಲ್ಲದ ಕಾಫಿ, ಲಾಲ್‌ಬಾಗಿನಲ್ಲಿ ಇನ್ನೊಂದು ಸುತ್ತು. ಖಾಲಿ ಹೊಟ್ಟೆಯ ಸಕ್ಕರೆ 98 ಬರುತ್ತದೆ. 100ರ ಒಳಗೆ, ಪಾಸು! ಆ ಸಂತೋಷಕ್ಕೆ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ. ಆದರೆ ಅದೇ ಹಾಳೆಯ ಕೆಳಗೆ ಎಚ್‌ಬಿಎ1ಸಿ ಕೂತಿರುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟೂ ದಿನ ರಕ್ತದಲ್ಲಿ ಓಡಾಡಿದ ಸಕ್ಕರೆ ಅದಕ್ಕೆ ಅಂಟುತ್ತ ಹೋಗುತ್ತದೆ. ಹಾಗಾಗಿ ಈ ಅಂಕಿ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮೋತ್ಸವದ ಕಛೇರಿ ಕೇಳುತ್ತ ಏರಿಸಿದ ಪಾನಕ, ಮೇ ತಿಂಗಳ ಬಾದಾಮಿ ಮಾವು, ಎಲ್ಲ ಅಲ್ಲಿ ಜಮೆ. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ರಾಯರದು 6.9. ಆಡಿಟರಿಗೇ ಆಡಿಟು.

ಆದರೂ ಅವರ ಕಣ್ಣು ಮೊದಲು ಹೋಗುವುದು ಅಂಕಿ ಮಿತಿ ಮೀರಿದೆ ('ಹೈ') ಎಂದು ಸಾರುವ ದಪ್ಪಕ್ಷರದ 'ಎಚ್' ಮೇಲೆ. ಹಾಳೆಯಲ್ಲಿ ಅಚ್ಚಾದ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಉಳಿದ ಐವರು ಗಟ್ಟಿಮುಟ್ಟಾಗಿದ್ದರೂ ಆಚೆಗೇ. ಎಪ್ಪತ್ತು ಪರೀಕ್ಷೆಯ ಪ್ಯಾಕೇಜು ಮಾಡಿಸಿದವನಿಗೆ ಒಂದೆರಡು 'ಎಚ್', 'ಎಲ್' ಉಡುಗೊರೆಯ ಹಾಗೆ ಬರುವಂಥವು. ಮಿತಿಯೂ ಲ್ಯಾಬಿನಿಂದ ಲ್ಯಾಬಿಗೆ ಕೊಂಚ ಬದಲು. ರಾಯರ ಪಾಲಿಗೆ ಇವೆಲ್ಲ ಆಡಿಟ್ ಆಕ್ಷೇಪಣೆ. ಪ್ರತಿಯೊಂದಕ್ಕೂ ಕೆಂಪು ಶಾಯಿಯ ಗುರುತು. ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲಿನ ಮುಂದೆ 'ಎಚ್' ಕಂಡು ಅವರು ತುಪ್ಪ ಬಿಟ್ಟದ್ದೂ ಉಂಟು.

ಫಲಿತಾಂಶ ಪ್ರಕಟವಾಗುವುದು ಮರುದಿನ ಬೆಳಗ್ಗೆ, ಲಾಲ್‌ಬಾಗಿನ ಬಂಡೆಯ ಮೇಲೆ.

"ತಮ್ಮದೆಷ್ಟು ಬಂತು ಸ್ವಾಮಿ?"

"ಆರು ಒಂಬತ್ತು. ನಿಮ್ಮದು?"

"ಏಳು ನಾಲ್ಕು."

"ಅಷ್ಟೇನಿಲ್ಲ ಬಿಡಿ," ಎನ್ನುವಾಗ ರಾಯರ ಮುಖದಲ್ಲಿ ಫಸ್ಟ್ ಕ್ಲಾಸಿನ ಕಳೆ.

ಮಲ್ಲೇಶ್ವರದ ರಾಯರು ಇದೇ ವ್ಯವಹಾರವನ್ನು ಸ್ಯಾಂಕಿ ಕೆರೆಯ ಏರಿಯ ಮೇಲೆ ನಡೆಸುತ್ತಾರೆ. ಮೆಲ್ಬರ್ನಿನ ಮಗ ತನ್ನ ಸಕ್ಕರೆ 5.4 ಎಂದಾಗ ಮಾತ್ರ ಅವರಿಗೆ ಎದೆ ಝಲ್ಲೆಂದಿತ್ತು. ಅಲ್ಲಿಯವರು ಅಳೆಯುವುದು ಮಿಲಿಮೋಲಿನಲ್ಲಿ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಮ್ ಲೆಕ್ಕಕ್ಕೆ 97. ಅದು ತಿಳಿಯುವಷ್ಟರಲ್ಲಿ ರಾಯರು ದೊಡ್ಡಗಣಪತಿಗೆ ಬೆಣ್ಣೆ ಅಲಂಕಾರ ಹರಸಿಕೊಂಡಾಗಿತ್ತು.

ಡಾಕ್ಟರ ಕೋಣೆಯಲ್ಲಿ ಫೈಲು ಬಿಚ್ಚುವುದೇ ಒಂದು ಸಮಾರಂಭ. ಡಾಕ್ಟರು ಕೇಳುವುದು ಮಾತ್ರ ಒಂದೇ: "ಹೋದ ಸಲ ಎಷ್ಟಿತ್ತು, ಅದರ ಹಿಂದಿನ ಸಲ ಎಷ್ಟಿತ್ತು?" ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದರೆ ಮಾತ್ರೆ ಗೊತ್ತುಮಾಡಬಹುದು. ರಾಯರು ಪುಟ 212ರಿಂದ 187ಕ್ಕೆ, ಅಲ್ಲಿಂದ ಕಪ್ಪು ಪುಟಕ್ಕೆ ಹೋಗಿ ಬರುವಷ್ಟರಲ್ಲಿ, ಪಕ್ಕದಲ್ಲಿ ಕೂತ ಮನೆಯಾಕೆ ಕೈಚೀಲದಿಂದ ಹಳೇ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಯೊಂದನ್ನು ತೆಗೆಯುತ್ತಾರೆ. ಹಿಂಬದಿಯಲ್ಲಿ ಸಿಲಿಂಡರ್ ಬಂದ ತಾರೀಖುಗಳ ಪಕ್ಕಕ್ಕೆ ಪೆನ್ಸಿಲಿನ ಒಂದೇ ಸಾಲು: 7.8, 7.4, 7.1, 6.9.

"ಇಳೀತಾ ಇದೆಯಲ್ಲಮ್ಮಾ, ಅದೇ ಮಾತ್ರೆ ಮುಂದುವರಿಸಿ," ಎನ್ನುತ್ತಾರೆ ಡಾಕ್ಟರು.

ಮನೆಗೆ ಹೋಗುವ ದಾರಿಯಲ್ಲಿ ರಾಯರು ಆ ಹಾಳೆಗೆ ಎರಡು ಜೆರಾಕ್ಸ್ ತೆಗೆಸಿ, ಪಂಚ್ ಮಾಡಿ, ಪುಟ 213 ಎಂದು ಬರೆಯುತ್ತಾರೆ.