ಮಳೆ, ಮದ್ದು, ಮದುವೆ

ಜನವರಿ ಬಂತೆಂದರೆ ಪುತ್ತೂರು ಪೇಟೆಗೆ ಬರುವ ಅಡಿಕೆ ಕೃಷಿಕರ ಮುಖದಲ್ಲೊಂದು ಕಳೆ. ಧಾರಣೆ ಏರಿದ್ದಕ್ಕಲ್ಲ, ಡೈರಿ ಸಿಗುವ ಕಾಲ ಅದು. ಸೊಸೈಟಿಯಲ್ಲೊಂದು, ಗೊಬ್ಬರದಂಗಡಿಯಲ್ಲೊಂದು, ಚಿನ್ನ ಕೊಳ್ಳದಿದ್ದರೂ ಚಿನ್ನದಂಗಡಿಯಲ್ಲೊಂದು. ದುಡ್ಡು ಕೊಟ್ಟು ಡೈರಿ ತಂದವನಿಗೆ ಊರಲ್ಲಿ ಮರ್ಯಾದೆ ಕಮ್ಮಿ.

ಕಡಬದ ನಮ್ಮ ಭಾವ ಡೈರಿ ಸಿಕ್ಕಿದ ದಿನವೇ ಮೊದಲ ಪುಟ ತುಂಬಿಸುತ್ತಾರೆ. ಕಡಬ ತಾಲೂಕು ಆದದ್ದು 2018ರಲ್ಲಿ. ಭಾವನ ವಿಳಾಸ ಮಾತ್ರ ಇನ್ನೂ ಪುತ್ತೂರು ತಾಲೂಕಿನಲ್ಲೇ ಉಂಟು. ರಕ್ತದ ಗುಂಪು ಎಂಬಲ್ಲಿ ‘ತೊಂದರೆ ಇಲ್ಲ’ ಎಂದಿದೆ. ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು ಎಂಬಲ್ಲಿ ಅಕ್ಕನ ಹೆಸರಿಲ್ಲ, ಮದ್ದು ಬಿಡಲು ಮರ ಹತ್ತುವವನ ನಂಬರು. ಅಕ್ಕ ಕೇಳಿದ್ದಕ್ಕೆ, “ಜುಲೈಯಲ್ಲಿ ಅವ ಸಿಗದಿದ್ರೆ ಅದಕ್ಕಿಂತ ತುರ್ತು ಎಂತ ಉಂಟು ಮಾರಾಯ್ತಿ?” ಎಂದರಂತೆ.

ಡೈರಿಯೆಂದರೆ ಗುಟ್ಟಿನ ಪುಸ್ತಕ ಎಂದು ತಿಳಿದವರು ನಮ್ಮ ಕಡೆ ಬರಬೇಕು. ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ 1660ರಿಂದ 1669ರವರೆಗೆ ತನ್ನ ದಿನಚರಿಯನ್ನು ಶೀಘ್ರಲಿಪಿಯಲ್ಲಿ ಬರೆದ. ನಮ್ಮವರಿಗೆ ಅಷ್ಟು ಕಷ್ಟ ಬೇಡ, ಅಕ್ಷರವೇ ಸಾಕು. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ತಮ್ಮ ಹುಚ್ಚು ಮನಸ್ಸಿಗೆ ಹತ್ತು ಮುಖ ಎಂದರು. ತೋಟದವರ ಮನಸ್ಸಿಗೆ ಇರುವುದು ಎರಡೇ: ಧಾರಣೆ ಏರಿದ ದಿನದ್ದು, ಇಳಿದ ದಿನದ್ದು.

ಡೈರಿಯಲ್ಲಿ ಮೊದಲು ಬರುವುದು ಮಳೆ. ಅಂಗಳದ ಮಳೆಮಾಪಕವನ್ನು ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ಹವಾಮಾನ ಇಲಾಖೆಯ ಲೆಕ್ಕವೂ ಅದೇ ಹೊತ್ತಿನದು. ಆಮೇಲೆ ಫೋನು. “ನಿಮ್ಮಲ್ಲಿ ಎಷ್ಟು ಭಾವ?” “ನೂರ ಹತ್ತು.” “ನಮ್ಮಲ್ಲಿ ನೂರ ಹದಿನೆಂಟು!” ಆ ಎಂಟು ಮಿಲಿಮೀಟರನ್ನು ತಾನೇ ಕೊಡಪಾನದಲ್ಲಿ ಹೊತ್ತು ಸುರಿದ ಹಾಗೆ ದನಿ. ಇದು ಬರೀ ಚಟ ಎಂದೂ ಹೇಳುವ ಹಾಗಿಲ್ಲ. ಸುಳ್ಯ ತಾಲೂಕಿನ ಬಾಳಿಲದ ಕೃಷಿಕರೊಬ್ಬರು 1976ರಿಂದ ಮಳೆ ಲೆಕ್ಕ ಬರೆದಿಟ್ಟವರು, ಪತ್ರಿಕೆಗಳೇ ಅವರನ್ನು ಕೇಳಿ ಬರೆಯುತ್ತವೆ. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಲ್ಲಿ ಶುರುವಾಗಿ ಕೃಷಿಕರ ಕೈಗೆ ಲೇಖನಿ ಕೊಟ್ಟಿತು ಎನ್ನುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಸೊಸೈಟಿಯ ಪೆನ್ನು ಅಂಗಿಯ ಕಿಸೆಯಲ್ಲಿ ಮೊದಲೇ ಇತ್ತಲ್ಲ!

ಎರಡನೆಯದು ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ತಪ್ಪಿತೋ, ಕೊಳೆರೋಗ. ಹಾಗಾಗಿ ಮಗುವಿಗೆ ಚುಚ್ಚುಮದ್ದು ಹಾಕಿಸಿದ ತಾರೀಕು ಮರೆತರೂ ಮರಕ್ಕೆ ಮದ್ದು ಬಿಟ್ಟ ತಾರೀಕು ಮರೆಯುವುದಿಲ್ಲ.

ಇದೆಲ್ಲ ಆಗಿ ಜಾಗ ಉಳಿದರೆ ಮನುಷ್ಯರು. ‘ಅತ್ತಿಗೆ ಬಂದರು. ಹೋದರು.’ ಇದಕ್ಕಿಂತ ಹೆಚ್ಚು ಏನು ಬರೆದರೂ ಮನೆಯಲ್ಲಿ ಗಲಾಟೆ.

ಅಕ್ಕನಿಗೆ ನಮ್ಮ ಅಪ್ಪನ ಡೈರಿಯ ಮೇಲೊಂದು ಹಳೆಯ ಸಿಟ್ಟು. ಅವಳ ಮದುವೆ ನಡೆದದ್ದು ಮೇ ಕೊನೆಗೆ, ಪತ್ತನಾಜೆಯ ಹೊತ್ತಿಗೆ. ಅಂದಿನ ಪುಟ: ‘ಮಳೆ 4 ಮಿ.ಮೀ. ಮೈಲುತುತ್ತು ತಂದಾಯಿತು. ಮಗಳ ಮದುವೆ. ಹೋಳಿಗೆ ಉಳಿಯಿತು.’

“ಮೈಲುತುತ್ತು ಆದ ಮೇಲೆ ನಾನು ನೋಡು!” ಎಂದು ಅವಳು ಈಗಲೂ ಹೇಳುತ್ತಾಳೆ.

ನಾನು ಮುಂದಿನ ಪುಟ ತಿರುಗಿಸಿದೆ. ‘ಮಳೆ ಇಲ್ಲ. ಕೆಲಸ ಇಲ್ಲ.’ ಮರುದಿನವೂ ‘ಕೆಲಸ ಇಲ್ಲ.’ ಅದರ ಮರುದಿನವೂ ಅದೇ. ಮೈಲುತುತ್ತು ಜಗಲಿಯಲ್ಲಿ, ಮಳೆ ತಲೆಯ ಮೇಲೆ, ಮೊದಲ ಮದ್ದು ಬಾಕಿ. ಅಂಥ ಹೊತ್ತಿನಲ್ಲಿ ಅಪ್ಪನಿಗೆ ಕೆಲಸ ಇಲ್ಲ! ಅಕ್ಕನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಆಳು ಬಂದಿರ್ಲಿಕ್ಕಿಲ್ಲ” ಎಂದು ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಬೆಂಗಳೂರಿನಿಂದ ಭಾವನ ಮನೆಗೆ ಬಂದ ಅಳಿಯ, “ಇದನ್ನೆಲ್ಲ ಫೋನಲ್ಲಿ ಬರೆಯಬಹುದಲ್ಲ ಮಾವ?” ಎಂದು ಕಳೆದ ಮಳೆಗಾಲದಲ್ಲಿ ನನ್ನೆದುರೇ ಕೇಳಿದ. ಕರೆಂಟು ಹೋಗಿ ಎರಡು ದಿನವಾಗಿತ್ತು, ಅವನ ಫೋನು ಆಗಲೇ ಕಣ್ಣು ಮುಚ್ಚಿತ್ತು. ಭಾವ ಉತ್ತರ ಕೊಡಲಿಲ್ಲ, ಚಿಮಿಣಿ ದೀಪ ಹತ್ತಿರ ಎಳೆದುಕೊಂಡು ಬರೆಯತೊಡಗಿದರು. ಬೆಳಿಗ್ಗೆ ಹೊರಡುವ ಮೊದಲು ಇಣುಕಿ ನೋಡಿದೆ: ‘ಮಳೆ 96. ಕರೆಂಟಿಲ್ಲ. ಭಾವ ಬಂದಿದ್ದಾರೆ. ಹಲಸಿನ ಹಪ್ಪಳ ಮುಗಿಯಿತು.’